ನಗುಡಬ್ಬಿ ತುಂಬಿದ ದಿನ

ನಮ್ಮೂರಿನಲ್ಲಿ ಯಾರೂ ಯಾರ ಕಾಲನ್ನೂ ಸುಮ್ಮಸುಮ್ಮನೆ ಮುಟ್ಟುವುದಿಲ್ಲ. ಹಿರಿಯರಿಗೆ ನಮಸ್ಕಾರ ಮಾಡುವುದಾದರೂ ಒಂದು ಮೊಳ ಈಚೆಗೇ ಬಗ್ಗಿ, ಕೈಮುಗಿದು ಎದ್ದುಬಿಡುತ್ತೇವೆ. ಮುಟ್ಟಿದರೆ ಮುಗಿಯಿತು, ಆ ಕಾಲಿನ ನೋವೆಲ್ಲ ನಮ್ಮ ಕಾಲಿಗೆ ಬಂದು ಕೂರುತ್ತದೆ. ಆ ಕಾಲಿಗೆ ಹಿತವಾಗುವ ತನಕ ಅದು ಬಿಟ್ಟು ಹೋಗುವುದಿಲ್ಲ. ಮದುವೆಯಲ್ಲಿ ಮಾತ್ರ ಹೊಸ ಸೊಸೆ ಅತ್ತೆಯ ಪಾದ ಮುಟ್ಟಲೇಬೇಕು. ಮರ್ಯಾದಸ್ಥ ಅತ್ತೆಯಾದವಳು ಹದಿನೈದು ದಿನ ಮೊದಲಿಂದಲೇ ಹರಳೆಣ್ಣೆ ತಿಕ್ಕಿಸಿಕೊಂಡು, ಹಿಮ್ಮಡಿಯ ಒಡಕು ವಾಸಿ ಮಾಡಿಕೊಂಡು ಮಂಟಪಕ್ಕೆ ಬರುತ್ತಾಳೆ. ನನ್ನ ಅತ್ತೆ ಹಾಗೆ ಮಾಡಲಿಲ್ಲ. ಬಲಗಾಲಿನ ಆಣಿಯನ್ನು ಅರಿಸಿನದಲ್ಲಿ ಮುಚ್ಚಿಕೊಂಡು ನಿಂತಿದ್ದಳು, ಮಹಾತಾಯಿ. ನಾನು ಮುಟ್ಟಿದೆ. ಅವಳು ಹದಿನಾರರ ಹುಡುಗಿಯ ಹಾಗೆ ಮದುವೆಮನೆಯೆಲ್ಲ ಓಡಾಡಿದಳು, ನಾನು ಒಂಬತ್ತು ದಿನ ಕುಂಟಿದೆ.

ಹತ್ತನೆಯ ದಿನ ಅತ್ತೆಯನ್ನು ಎಳೆದುಕೊಂಡು ಶಾಂತವೀರಪ್ಪನವರ ಚಪ್ಪಲಿ ಅಂಗಡಿಗೆ ಹೋದೆ. ಅಲ್ಲಿ ಉದ್ದನೆಯ ಬೆಂಚುಗಳ ಮುಂದೆ ತಗ್ಗಾದ ಮಣೆಗಳನ್ನು ಹಾಕಿಕೊಂಡು ಆರು ಜನ ಚಪ್ಪಲಿ ತೊಡಿಸುವವರು ಕೂತಿರುತ್ತಿದ್ದರು. ಮೂಲೆಯ ಮಣೆಯಲ್ಲಿದ್ದವನು ಬೈಲಪ್ಪ. ಅವನು ಅತ್ತೆಯ ಕಾಲನ್ನು ನೋಡಿದ, ನನ್ನ ಕುಂಟು ನೋಡಿದ, ಅತ್ತೆಯನ್ನು ಬಿಟ್ಟು ನನ್ನನ್ನು ಕೇಳಿದ. ಎಲ್ಲಿ ನೋಯುತ್ತದೆ, ಒತ್ತಿದ ಹಾಗೋ ಚುಚ್ಚಿದ ಹಾಗೋ, ಹೆಜ್ಜೆ ಎತ್ತುವಾಗಲೋ ಊರುವಾಗಲೋ. ನಾನು ಹೇಳುತ್ತ ಹೋದೆ, ಅವನು ಅತ್ತೆಯ ಕಾಲಿಗೆ ಒಂದೊಂದೇ ಜೊತೆ ತೊಡಿಸುತ್ತ ಹೋದ. ಆರನೆಯ ಜೊತೆಗೆ ನನ್ನ ನೋವು ದೀಪ ಆರಿದ ಹಾಗೆ ಆರಿಹೋಯಿತು. ಬೈಲಪ್ಪ ತಲೆಯೆತ್ತಿ ನೋಡಿ, "ಇಷ್ಟು ಕರಾರುವಾಕ್ಕಾಗಿ ಹೇಳೋಳು ಮನೇಲಿ ಕೂತ್ಕಂಡು ಏನ್ ಮಾಡ್ತೀಯವ್ವ? ನಾಳೆಯಿಂದ ಬಾ," ಅಂದ. ಹನ್ನೆರಡು ವರ್ಷದ ಹಿಂದಿನ ಮಾತು. ಮಾರನೆಯ ದಿನದಿಂದ ಅವನ ಪಕ್ಕದ ಮಣೆ ನನ್ನದಾಯಿತು. ನನ್ನ ಹೆಸರು ಹೊನ್ನೂರಮ್ಮ.

ನಮ್ಮ ಕೆಲಸವನ್ನು ಹೊರಗಿನವರು ಬಂದು ಹೊಗಳುವಾಗ ನನಗೆ ನಗು ಬರುತ್ತದೆ. ಎಂಥ ಸೇವೆ, ಎಂಥ ತಾಳ್ಮೆ ಎನ್ನುತ್ತಾರೆ. ತಾಳ್ಮೆಯೂ ಇಲ್ಲ, ಮಣ್ಣೂ ಇಲ್ಲ. ಗಿರಾಕಿಯ ಕಾಲು ಕೈಗೆ ತೆಗೆದುಕೊಂಡರೆ ಅವನ ನೋವು ನಮ್ಮದು. ಸರಿಯಾದ ಜೊತೆ ಸಿಗುವ ತನಕ ನಾವು ಬಿಡುವುದಿಲ್ಲ, ಯಾಕೆಂದರೆ ಅದು ನಮ್ಮನ್ನು ಬಿಡುವುದಿಲ್ಲ. ಅಷ್ಟೇ ಗುಟ್ಟು. ಗಿರಾಕಿಗಳಿಗೂ ಮಾನ ಮರ್ಯಾದೆ ಇರುತ್ತಿತ್ತು. ಕಾಲು ಮುಟ್ಟಿಸಿಕೊಂಡು, ಹಗುರಾಯಿತೆಂದು ಚಪ್ಪಲಿ ತೆಗೆದುಕೊಳ್ಳದೆ ಎದ್ದುಹೋಗುವವನನ್ನು ಊರು ಕ್ಷಮಿಸುತ್ತಿರಲಿಲ್ಲ. ನೋವು ಬಿಟ್ಟು ಹೋದವನು ಎಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅಂಥವರ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು.

ಹಳೆಯ ಯಜಮಾನರು ತಾವೇ ಮಣೆಯ ಮೇಲೆ ಕೂತು ಕೆಲಸ ಮಾಡಿದವರು. ಅವರು ತೀರಿಕೊಂಡ ಮೇಲೆ ಮಗ ಶಾಂತವೀರಪ್ಪ ಮಹಡಿಯ ಗಾಜಿನ ಕೋಣೆಯಲ್ಲಿ ಕೂತರು. ಅವರಿಗೆ ಎಡಗಾಲಿನಲ್ಲಿ ಏನೋ ತೊಂದರೆಯಿತ್ತು, ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯುತ್ತಿದ್ದರು. ಆದರೆ ಕೂಲಿಯವರ ಕೈಗೆ ಕಾಲು ಕೊಡುವುದುಂಟೇ ಎಂಬ ಜಂಬ. ಕೆಲಸದವರಲ್ಲಿ ಉತ್ಸಾಹ ಕಡಿಮೆಯಾಗಿದೆ, ಅದನ್ನು ತುಂಬಬೇಕು ಎಂದು ಅವರಿಗೆ ಯಾರೋ ಹೇಳಿದರಂತೆ. ಉತ್ಸಾಹ ತುಂಬುವುದಕ್ಕೆಂದು ದೂರದ ಊರಿಂದ ಪ್ರಭಂಜನ ಎಂಬ ತರಬೇತಿ ಸಾಹೇಬರನ್ನು ಕರೆಸಿದರು. ಕೆಟ್ಟ ಮನುಷ್ಯನಲ್ಲ, ಆ ಮಾತು ಮೊದಲೇ ಹೇಳಿಬಿಡುತ್ತೇನೆ. ಇಸ್ತ್ರಿ ಅಂಗಿ, ಕೊರಳಿಗೆ ಟೈ, ಬಾಯಿ ತುಂಬ ನಗು. ನಮ್ಮೂರಿನ ರೀತಿ ಮಾತ್ರ ಅವನಿಗೆ ಯಾರೂ ಹೇಳಿರಲಿಲ್ಲ.

ಮೊದಲ ದಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಗಿರಾಕಿ ದೇವರು, ದೇವರ ಪಾದ ಮುಟ್ಟಲು ನಾಚಿಕೆ ಯಾಕೆ, ನಾನು ತೋರಿಸಿಕೊಡುತ್ತೇನೆ ನೋಡಿ ಎಂದ. ಬೆಂಚಿನ ಮೇಲೆ ಗೌಡಪ್ಪಜ್ಜ ಕೂತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿ ಎರಡು ಪಾದವನ್ನೂ ಹಾಳು ಮಾಡಿಕೊಂಡ ಮುದುಕ. ಬೈಲಪ್ಪ ಬಾಯಿ ತೆರೆಯುವಷ್ಟರಲ್ಲಿ ಪ್ರಭಂಜನ ಬಗ್ಗಿ ಎರಡು ಕೈಯಲ್ಲೂ ಭಕ್ತಿಯಿಂದ ಪಾದ ಮುಟ್ಟಿಯೇಬಿಟ್ಟ. ಅಯ್ಯೋ ಶಿವನೇ, ಆ ಮುಖ ನೋಡಬೇಕಿತ್ತು. ನೆಲದ ಮೇಲೆ ಕೂತವನು ಏಳಲಿಲ್ಲ. ಅಜ್ಜ ಮಾತ್ರ ಆರಾಮಾಗಿ ಕಾಲು ಅಲ್ಲಾಡಿಸುತ್ತ, ಪರವಾಗಿಲ್ಲ ಹುಡುಗ ಭಯಭಕ್ತಿ ಇಟ್ಟುಕೊಂಡಿದ್ದಾನೆ ಎಂದ. ಅಜ್ಜನ ಕಾಲಿಗೆ ಸರಿಯಾದ ಜೊತೆ ಹೊಂದಿಸಲು ಬೈಲಪ್ಪನಿಗೆ ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಸಾಹೇಬ ಗೋಡೆಗೊರಗಿ ಕಣ್ಣೀರು ಹಾಕುತ್ತಿದ್ದ. ನಾವು ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು.

ನಗಬಾರದಿತ್ತು. ನಾಲ್ಕನೆಯ ದಿನ ಅವನು ದಪ್ಪ ರಬ್ಬರಿನ ಕೈಗವಸುಗಳನ್ನು ತರಿಸಿದ. ಇನ್ನು ಮೇಲೆ ನೀವು ಯಾರೂ ನರಳಬೇಕಿಲ್ಲ ಎಂದ, ನಿಜವಾದ ಕರುಣೆಯಿಂದಲೇ ಎಂದ. ಅದರ ಜೊತೆಗೆ ಗೋಡೆಗೆ ಒಂದು ಪಟ್ಟಿ ಬಂತು, ಅದರಲ್ಲಿ ನಮ್ಮ ಹೆಸರು. ಬಾಗಿಲ ಹತ್ತಿರ ಎರಡು ಡಬ್ಬಿ ಬಂದವು, ಒಂದರ ಮೇಲೆ ನಗುವ ಮುಖ, ಇನ್ನೊಂದರ ಮೇಲೆ ಸಿಡುಕು ಮುಖ. ನಾವು ಗಿರಾಕಿಗೆ ನಮ್ಮ ಹೆಸರಿನ ಬಿಲ್ಲೆ ಕೊಡಬೇಕು, ಅವರು ಹೊರಗೆ ಹೋಗುವಾಗ ಯಾವುದಾದರೊಂದು ಡಬ್ಬಿಗೆ ಹಾಕಬೇಕು. ನಗುಡಬ್ಬಿಯ ಬಿಲ್ಲೆಗೊಂದು ನಕ್ಷತ್ರ. ತಿಂಗಳ ಕೊನೆಗೆ ಪಟ್ಟಿಯ ತುದಿಯಲ್ಲಿದ್ದವರಿಗೆ ಕುಕ್ಕರ್, ಬುಡದಲ್ಲಿದ್ದವರು ಮನೆಗೆ. ಡಬ್ಬಿಗಳ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದ: ಗಿರಾಕಿ ನಗುತ್ತಾ ಹೊರಗೆ ಹೋಗಬೇಕು.

ಸುಳ್ಳು ಯಾಕೆ ಹೇಳಲಿ, ನಾನು ಕೈಗವಸು ಹಾಕಿಕೊಂಡೆ, ಖುಷಿಯಾಯಿತು. ಹನ್ನೆರಡು ವರ್ಷದಲ್ಲಿ ಮೊದಲ ಬಾರಿ ಸಂಜೆ ನನ್ನದೇ ಕಾಲಿನಲ್ಲಿ ಮನೆಗೆ ನಡೆದೆ. ಕಿರುಬೆರಳ ಹತ್ತಿರ ಒಂಚೂರು ಹಿಂಡಿತು, ಯಾರದೋ ಹಳೆಯ ಬಾಕಿ ಇರಬೇಕೆಂದು ಬಿಟ್ಟೆ. ಮೊದಲು ದಿನಕ್ಕೆ ಹತ್ತು ಜನಕ್ಕೆ ತೊಡಿಸುತ್ತಿದ್ದವಳು ಈಗ ನಲವತ್ತು ಜನಕ್ಕೆ ತೊಡಿಸುತ್ತಿದ್ದೆ. ಅಂಗಡಿಯೊಳಗೆ ಮೆತ್ತನೆಯ ಹಾಸು, ನಾಲ್ಕು ಹೆಜ್ಜೆ ನಡೆದರೆ ಯಾವ ಚಪ್ಪಲಿಯೂ ಚೆನ್ನಾಗಿಯೇ ಇರುತ್ತದೆ. ನಗುತ್ತಾ ಬಿಲ್ಲೆ ಹಾಕಿ ಹೋಗುತ್ತಿದ್ದರು. ಕಚ್ಚುವುದು ಎರಡು ಬೀದಿ ದಾಟಿದ ಮೇಲೆ, ಅಲ್ಲಿ ಡಬ್ಬಿ ಇರಲಿಲ್ಲ. ಪಟ್ಟಿಯ ತುದಿಯಲ್ಲಿ ನನ್ನ ಹೆಸರು ನಕ್ಷತ್ರಗಳ ನಡುವೆ ಹೊಳೆಯುತ್ತಿತ್ತು. ಕುಕ್ಕರ್ ಎಲ್ಲಿಡಬೇಕೆಂದು ಅಡುಗೆಮನೆಯಲ್ಲಿ ಜಾಗ ಕೂಡ ನೋಡಿಟ್ಟುಕೊಂಡಿದ್ದೆ.

ಪಟ್ಟಿಯ ಬುಡದಲ್ಲಿದ್ದವನು ಬೈಲಪ್ಪ. ಅವನು ಕೈಗವಸು ಮುಟ್ಟಲೂ ಇಲ್ಲ. ಕಣ್ಣು ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸು ಅಂದರೆ ನಾನೇನು ಮಾಡಲಿ ಎಂದು ಒಂದೇ ಸಲ ಹೇಳಿ ಸುಮ್ಮನಾದ. ದಿನಕ್ಕೆ ಐದು ಜನ, ಹೆಚ್ಚೆಂದರೆ ಆರು. ಮೂವತ್ತೆಂಟು ವರ್ಷ ಆ ಮಣೆಯ ಮೇಲೆ ಕೂತು ಮಣೆಯಲ್ಲೇ ಗುಳಿ ಬಿದ್ದಿತ್ತು. ತಿಂಗಳ ಕೊನೆಗೆ ಅವನು ಹೋಗುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನಾನು ಅವನ ಕಡೆ ತಿರುಗುವುದನ್ನೇ ಬಿಟ್ಟೆ. ಪಕ್ಕದ ಮಣೆಯಲ್ಲಿ ಕೂತು ಮುಖ ತಪ್ಪಿಸುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು.

ತಿಂಗಳು ಮುಗಿಯಲು ಎರಡು ದಿನ ಬಾಕಿ ಇರುವಾಗ ರುದ್ರಾಣಿ ಬಂದಳು. ಕರೆಂಟಿನ ಮೀಟರ್ ಓದುವ ಹೆಂಗಸು, ದಿನಕ್ಕೆ ನೂರಾ ಇಪ್ಪತ್ತು ಮನೆಯ ಮೆಟ್ಟಿಲು ಹತ್ತುವವಳು. ಹತ್ತು ದಿನದ ಹಿಂದೆ ನಾನೇ ಮೂರು ನಿಮಿಷದಲ್ಲಿ ಅವಳಿಗೊಂದು ಜೊತೆ ತೊಡಿಸಿ ಕಳಿಸಿದ್ದೆ. ಅದನ್ನು ಚೀಲದಿಂದ ತೆಗೆದು ಬೆಂಚಿನ ಮೇಲಿಟ್ಟಳು. ಒಳಗಡೆ ರಕ್ತ ಒಣಗಿ ಕಪ್ಪಾಗಿತ್ತು. ಅವಳು ಜಗಳ ಮಾಡಲಿಲ್ಲ, ಬದಲಿ ಕೊಡುತ್ತೀರಾ ಎಂದು ಮೆಲ್ಲಗೆ ಕೇಳಿದಳು. ಮೆಟ್ಟಿದ ಚಪ್ಪಲಿಗೆ ಬದಲಿ ಇಲ್ಲವೆಂದು ಪ್ರಭಂಜನ ದೂರದಿಂದಲೇ ನಗುತ್ತಾ ಹೇಳಿದ. ನಾನು ಅವಳ ಹಿಮ್ಮಡಿ ನೋಡಿದೆ. ನನಗೆ ನಾಚಿಕೆಯಿಂದ ಮೈಯೆಲ್ಲ ಉರಿದುಹೋಯಿತು. ಕೈಗವಸು ಕಿತ್ತೆಸೆದು ಎರಡು ಕೈಯಲ್ಲೂ ಆ ಕಾಲು ಹಿಡಿದುಕೊಂಡೆ.

ನೋವು ಬಂತು. ನಾನೇ ಮಾರಿದ್ದ ನೋವು, ನೂರಾ ಇಪ್ಪತ್ತು ಮನೆಯ ಮೆಟ್ಟಿಲುಗಳೆಲ್ಲ ಅದರಲ್ಲಿದ್ದವು. ಬೈಲಪ್ಪನ ಕಡೆ ತಿರುಗಿದೆ, ಮೂರು ವಾರದಲ್ಲಿ ಮೊದಲ ಬಾರಿ. ಅವನು ಏನೂ ಹಂಗಿಸದೆ ಕಾಲು ನೋಡಿ, ಇದು ಅಗಲ ಪಾದ, ಅಗಲದ ಜೋಡುಗಳನ್ನೆಲ್ಲ ಮಾರಾಟ ನಿಧಾನವೆಂದು ಗೋದಾಮಿಗೆ ಕಳಿಸಿ ಬೀಗದಕೈ ಸಾಹೇಬರೇ ಇಟ್ಟುಕೊಂಡಿದ್ದಾರೆ ಎಂದ. ಇರುವುದರಲ್ಲೇ ಒಂದನ್ನು ಹರಳೆಣ್ಣೆ ಹಚ್ಚಿ ಮರದ ಅಚ್ಚಿಗೆ ಏರಿಸಿ ಹಿಗ್ಗಿಸಬೇಕು, ಎರಡು ದಿನ ಬೇಕು ಎಂದ. ಎರಡು ದಿನ ನೋವು ನನ್ನ ಹತ್ತಿರ ಇರಲಿ, ನೀನು ಹೋಗಿ ಬಾ ಎಂದು ರುದ್ರಾಣಿಗೆ ಹೇಳಿದೆ. ಅವಳು ಬೇಡವೆಂದಳು, ನಾನು ಬಿಡಲಿಲ್ಲ. ಹಳೆಯ ಚಪ್ಪಲಿಯಲ್ಲೇ ಅವಳು ಹಗುರವಾಗಿ ಎದ್ದು ನಡೆದಳು, ಆ ಹಗುರಕ್ಕೆ ತಾನೇ ನಕ್ಕಳು. ಹೋಗುವಾಗ ನನ್ನ ಬಿಲ್ಲೆಯನ್ನು ನಗುಡಬ್ಬಿಗೆ ಹಾಕಿದಳು. ಪ್ರಭಂಜನ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಇನ್ನೊಂದು ನಕ್ಷತ್ರ ಅಂಟಿಸಿದ.

ನಾನು ಆ ನಕ್ಷತ್ರವನ್ನೇ ನೋಡುತ್ತ ಕೂತೆ. ಒಂದು ಜೊತೆಯೂ ಮಾರಿಲ್ಲ, ನಕ್ಷತ್ರ ಬಂತು. ಗಿರಾಕಿ ನಗುತ್ತಾ ಹೊರಗೆ ಹೋದಳು. ಅದೇ ತಾನೇ ಬೇಕಾಗಿದ್ದು ಇವರಿಗೆ? ಕೊಡುತ್ತೇನೆ ತಗೊಳ್ಳಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮರುದಿನ ಶಾಲೆ ಶುರುವಾಗುವ ಮುಂಚಿನ ದಿನ, ವರ್ಷದಲ್ಲೇ ಹೆಚ್ಚು ಜನ ಬರುವ ದಿನ. ಬರಿಗೈಯಲ್ಲಿ ಮಣೆಯ ಮೇಲೆ ಕೂತೆ. ಮೊದಲು ಬಂದವನು ಗೌಡಪ್ಪಜ್ಜನೇ. ಬೈಲಪ್ಪ ಹೊಂದಿಸಿಕೊಟ್ಟ ಜೊತೆ ಗುಡಿಯ ಮುಂದೆ ಕಳೆದುಹೋಗಿ ಮತ್ತೆ ನೋವು ಶುರುವಾಗಿತ್ತು. ಕಾಲು ಮುಟ್ಟಿದೆ, ನೋವು ತೆಗೆದುಕೊಂಡೆ, ಬಿಲ್ಲೆ ಕೊಟ್ಟೆ. ಚಪ್ಪಲಿ ತೋರಿಸಲಿಲ್ಲ. ನಾಳೆ ಬೈಲಪ್ಪನನ್ನು ಅಂಗಡಿಯಿಂದ ಕಳಿಸುತ್ತಿದ್ದಾರೆ, ಅದಕ್ಕೆ ಇವತ್ತು ನಾನು ಯಾರಿಗೂ ತೊಡಿಸುವುದಿಲ್ಲ, ನೋವು ಮಾತ್ರ ಇಟ್ಟುಕೊಳ್ಳುತ್ತೇನೆ ಎಂದೆ. ಅಜ್ಜ ಗಾಬರಿಯಾಗಿ, ನನ್ನನ್ನು ನೋವು ಬಿಟ್ಟು ಹೋದವನು ಅನ್ನಿಸಬೇಡ ಎಂದ. ನೀನು ಬಿಟ್ಟು ಹೋಗುತ್ತಿಲ್ಲ, ನಾನು ಕಿತ್ತುಕೊಂಡಿದ್ದೇನೆ ಎಂದೆ. ಅವನು ಹೊರಗೆ ಹೋಗಿ ಬೀದಿಯೆಲ್ಲ ಹೇಳಿದ. ಹತ್ತು ಗಂಟೆಗೆ ನನ್ನ ಬೆಂಚಿನ ಮುಂದೆ ಸಾಲು, ಮಿಕ್ಕ ಬೆಂಚುಗಳು ಖಾಲಿ. ಮಧ್ಯಾಹ್ನದ ಹೊತ್ತಿಗೆ ಉಳಿದ ಐವರೂ ಒಬ್ಬೊಬ್ಬರಾಗಿ ಕೈಗವಸು ಕಳಚಿದರು. ನಾನೇನೂ ಕೇಳಿರಲಿಲ್ಲ.

ನಗುಡಬ್ಬಿ ತುಂಬಿ ಬಿಲ್ಲೆಗಳು ನೆಲಕ್ಕೆ ಉದುರಿದವು. ಕಪಾಟಿನಿಂದ ಒಂದು ಜೊತೆಯೂ ಕದಲಲಿಲ್ಲ. ಪ್ರಭಂಜನ ನನ್ನ ಮುಂದೆ ಬಂದು ನಿಂತು, ಏನು ಮಾಡುತ್ತಿದ್ದೀರಿ ನೀವು ಎಂದು ಕೇಳಿದ. ಅವನ ನಗು ಅರ್ಧಕ್ಕೆ ಬಂದಿತ್ತು.

"ಗಿರಾಕಿ ನಗ್ತಾ ಹೊರಗೆ ಹೋಗ್ಬೇಕು ಅಂತ ನೀವೇ ಬರ್ಸಿದೀರಲ್ಲ ಸಾರ್. ಯಾರ್ ಅಳ್ತಾ ಹೋದ್ರು, ತೋರ್ಸಿ," ಅಂದೆ.

ಪಾಪ, ಅವನು ಮಾತಿಗೆ ತಪ್ಪುವವನಲ್ಲ. ಪಟ್ಟಿಯಲ್ಲಿ ಜಾಗ ಸಾಲದೆ ನಮ್ಮ ನಕ್ಷತ್ರಗಳನ್ನು ಗೋಡೆಗೇ ಅಂಟಿಸುತ್ತ ಹೋದ. ಸಂಜೆಗೆ ನನ್ನ ಕಾಲಿನಲ್ಲಿ ರುದ್ರಾಣಿಯದೂ ಸೇರಿ ಹತ್ತೊಂಬತ್ತು ಜನರ ನೋವಿತ್ತು. ಏಳಲು ಹೋದರೆ ನೆಲ ಬೆಂಕಿಯಾಗಿತ್ತು. ಬೈಲಪ್ಪ ಆ ದಿನವೆಲ್ಲ ತನ್ನ ಪಾಡಿಗೆ ನಾಲ್ಕು ಜನಕ್ಕೆ ತೊಡಿಸಲು ನೋಡಿದ್ದ, ಅವರೂ ತೆಗೆದುಕೊಳ್ಳದೆ ಹೋಗಿದ್ದರು. ಅವನಿಗೆ ಸಿಟ್ಟು ಬಂದಿತ್ತು. ಅವನ ಸಿಟ್ಟನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ನೋವು ತಗಳ್ಳಾದು ಅರ್ಧ ಕೆಲ್ಸ ಕಣವ್ವ," ಅಂದ. "ಅರ್ಧ ಕೆಲ್ಸ ಮಾಡಿ ನನ್ ಹೆಸ್ರು ಹೇಳ್ಬ್ಯಾಡ."

"ಮಿಕ್ಕಿದ್ ಅರ್ಧ ನಿಂದು. ಅದ್ಕೇ ನೀನಿಲ್ಲಿರ್ಬೇಕು ಅಂತಿರೋದು," ಅಂದೆ ನಾನೂ ಬಿಡದೆ.

ಅವನು ರುದ್ರಾಣಿಯ ಜೊತೆಯನ್ನು ಏರಿಸಿದ್ದ ಅಚ್ಚಿಗೆ ಇನ್ನೊಂದು ಬೆಣೆ ಹೊಡೆದು ಎದ್ದುಹೋದ. ನನ್ನನ್ನು ಆಟೋದಲ್ಲಿ ಮನೆಗೆ ಕಳಿಸಿದರು. ಅತ್ತೆ ನನ್ನ ಸ್ಥಿತಿ ನೋಡಿ ಬಿಸಿನೀರು ಕಾಯಿಸಿ ತಂದಳು. ನೋವು ನನ್ನ ಕಾಲಿನದಲ್ಲ, ಬಿಸಿನೀರಿಗೆ ಬಗ್ಗುವುದಿಲ್ಲ ಎಂದು ಅವಳಿಗೂ ಗೊತ್ತು. ಆದರೂ ನೀರು ಹೊಯ್ದಳು, ಹೊಯ್ಯುವಾಗ ನನ್ನ ಮುಖ ನೋಡಲಿಲ್ಲ.

ಬೆಳಗ್ಗೆ ಅಂಗಡಿಯ ಮುಂದೆ ಆಟೋ ಇಳಿದಾಗ ಬೀದಿಯ ಉದ್ದಕ್ಕೂ ಜನ. ನೋವು ನಮ್ಮ ಹತ್ತಿರ ಇಟ್ಟು ಹೋದವರೆಲ್ಲ ಬಂದಿದ್ದರು, ರುದ್ರಾಣಿ ಒಬ್ಬಳನ್ನು ಬಿಟ್ಟು. ಆರಾಮಾಗಿ ನಿದ್ದೆ ಬರಬೇಕಿತ್ತು, ಯಾರಿಗೂ ಬಂದಿರಲಿಲ್ಲ. ಬಾಗಿಲು ತೆರೆದಾಗ ಒಳಗೆ ನುಗ್ಗಿ ಬೆಂಚುಗಳ ಮೇಲೆ ಕೂತರು. ಪ್ರಭಂಜನ ತಾನೇ ಕೈಗವಸು ಹಾಕಿಕೊಂಡು ಮುಂದೆ ಬಂದರೆ ಎಲ್ಲರೂ ಕಾಲನ್ನು ಬೆಂಚಿನಡಿಗೆ ಎಳೆದುಕೊಂಡರು. ಬೈಲಪ್ಪನ ಕೈಗೆ ಮಾತ್ರ ಕಾಲು ಕೊಡುತ್ತೇವೆ, ಇವತ್ತೂ, ನಾಳೆಯೂ ಎಂದರು.

ಶಾಂತವೀರಪ್ಪನವರು ಕಂಬಿ ಹಿಡಿದುಕೊಂಡು ಮಹಡಿಯಿಂದ ಇಳಿದುಬಂದರು. ತುಂಬಿದ ಬೆಂಚು ನೋಡಿದರು, ಗೋಡೆಯ ನಕ್ಷತ್ರ ನೋಡಿದರು. ಲೆಕ್ಕ ಗೊತ್ತಿರುವ ಮನುಷ್ಯ, ಬೇಗ ಅರ್ಥವಾಯಿತು. ಆದರೆ ಸುಮ್ಮನೆ ಸೋಲಲು ಮನಸ್ಸು ಬರಬೇಕಲ್ಲ.

"ಆಯ್ತು, ಬೈಲಪ್ಪ ಇರ್ಲಿ," ಅಂದರು. "ಆದ್ರೆ ಹೊನ್ನೂರಮ್ಮ ಎಲ್ಲರ ಎದುರಿಗೆ ನನ್ ಕಾಲು ಮುಟ್ಟಿ ತಪ್ಪಾಯ್ತು ಅನ್ಬೇಕು. ಇಲ್ದಿದ್ರೆ ಅವನೂ ಹೊರಗೆ, ಅವಳೂ ಹೊರಗೆ."

ಕಾಲು ಮುಟ್ಟು ಎಂದು ಬಾಯಿಬಿಟ್ಟು ಹೇಳಿದವರನ್ನು ನಮ್ಮೂರಿನಲ್ಲಿ ಯಾರೂ ಕಂಡಿರಲಿಲ್ಲ. ಹತ್ತೊಂಬತ್ತರ ಮೇಲೆ ಇಪ್ಪತ್ತನೆಯದು, ನನಗೇನೂ ಭಾರವಾಗುತ್ತಿರಲಿಲ್ಲ. ಮುಟ್ಟಿಬಿಟ್ಟರೆ ಬೈಲಪ್ಪನ ಮಣೆ ಉಳಿಯುತ್ತಿತ್ತು. ನಾನು ಬೆಂಚನ್ನು ಹಿಡಿದುಕೊಂಡು ಎದ್ದು ನಿಂತೆ.

"ಮುಟ್ಟಲ್ಲ," ಅಂದೆ. "ಇವ್ರು ಯಾರೂ ಕೇಳ್ಲಿಲ್ಲ, ನಾನಾಗೇ ಮುಟ್ಟಿದೆ. ಹೆದರ್ಸಿ ಮುಟ್ಟಿಸ್ಕೊಳ್ಳೋ ಹಾಗಿದ್ರೆ ನಿಮ್ ನೋವು ನಿಮ್ ಹತ್ರಾನೇ ಇರ್ಲಿ ಯಜಮಾನ್ರೇ. ನಂಗದು ಬ್ಯಾಡ."

ಹೇಳಿದ ಮೇಲೆ ಬೈಲಪ್ಪನ ಕಡೆ ನೋಡಲು ಭಯವಾಯಿತು. ಅವನ ಮೂವತ್ತೆಂಟು ವರ್ಷವನ್ನು ನಾನು ಒಂದು ಮಾತಿಗೆ ಪಣ ಒಡ್ಡಿಬಿಟ್ಟಿದ್ದೆ. ನನಗಾಗಿ ಮುಟ್ಟವ್ವ ಎಂದು ಅವನು ಅಂದಿದ್ದರೆ ನಾನು ಏನು ಮಾಡುತ್ತಿದ್ದೆನೋ, ಇವತ್ತಿಗೂ ಗೊತ್ತಿಲ್ಲ. ಅವನು ತನ್ನ ಮಣೆಯನ್ನು ಸ್ವಲ್ಪ ಮುಂದಕ್ಕೆಳೆದುಕೊಂಡ. ಮೊದಲ ಗಿರಾಕಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಎತ್ತದೆ ಮಾತಾಡಿದ.

"ಕಾಲು ನೋಯ್ತಿದ್ರೆ ಬೆಂಚಿನ್ ಮ್ಯಾಲೆ ಕೂತ್ಕಳಿ ಯಜಮಾನ್ರೇ. ಸರದಿ ಬಂದಾಗ ನೋಡ್ತೀನಿ."

ಗೌಡಪ್ಪಜ್ಜ ಸರಿದು ಕೂತು, ಬೆಂಚಿನ ತುದಿಯಲ್ಲಿ ಒಬ್ಬರಿಗಾಗುವಷ್ಟು ಜಾಗ ಮಾಡಿ ಅಂಗೈಯಿಂದ ಧೂಳು ಒರೆಸಿದ. ಶಾಂತವೀರಪ್ಪನವರು ಬಹಳ ಹೊತ್ತು ನಿಂತೇ ಇದ್ದರು. ನಿಲ್ಲುವುದು ಅವರಿಗೆ ಸುಲಭವಿರಲಿಲ್ಲ, ಅದು ಎಲ್ಲರಿಗೂ ಕಾಣುತ್ತಿತ್ತು. ಮೇಲೆ ಹೋಗಬೇಕೆಂದರೆ ಹದಿನೆಂಟು ಮೆಟ್ಟಿಲು. ಕೊನೆಗೆ ಕೂತರು. ಯಾರೂ ನಗಲಿಲ್ಲ, ಅದು ನಮ್ಮೂರಿನ ದೊಡ್ಡತನ.

ಅವತ್ತಿನ ಕೆಲಸವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಬೈಲಪ್ಪನ ಪಕ್ಕದಲ್ಲಿ ಕೂತು ನಾನು ಹೇಳುತ್ತ ಹೋದೆ, ಇದು ಹೆಬ್ಬೆರಳ ಬುಡ, ಇದು ಅಂಗಾಲಿನ ನಡುವೆ, ಇದು ಊರುವಾಗ ಚುಚ್ಚುತ್ತದೆ. ಅವನು ತೊಡಿಸುತ್ತ ಹೋದ. ಒಂದೊಂದೇ ನೋವು ನನ್ನನ್ನು ಬಿಟ್ಟು ಹೋಯಿತು. ಉಳಿದ ಐವರೂ ತಾವು ಹೊತ್ತುಕೊಂಡಿದ್ದನ್ನು ಹಾಗೆಯೇ ಹೇಳಿ ಇಳಿಸಿಕೊಂಡರು. ಪ್ರಭಂಜನ ಕೈಗವಸು ಬಿಚ್ಚಿ ಜೇಬಿಗಿಟ್ಟುಕೊಂಡು ಅಲ್ಲಲ್ಲೇ ಸುಳಿದಾಡುತ್ತಿದ್ದ. ಸುಮ್ಮನೆ ನಿಲ್ಲಬೇಡ, ಗೋದಾಮಿನಿಂದ ಅಗಲದ ಜೋಡುಗಳನ್ನು ತಗೊಂಡು ಬಾ ಎಂದು ಬೈಲಪ್ಪ ಹೇಳಿದಾಗ ಓಡಿದ. ಹೊತ್ತು ಇಳಿಯುವಾಗ ಅವನ ಇಸ್ತ್ರಿ ಅಂಗಿ ಬೆನ್ನಿಗಂಟಿತ್ತು.

ಮೂರು ಗಂಟೆಗೆ ರುದ್ರಾಣಿ ಅರ್ಧ ಬೀದಿಯ ಮೀಟರ್ ಓದಿ ಮುಗಿಸಿ ಬಂದಳು. ಉಳಿದರ್ಧ ಬಾಕಿ ಇದೆಯೆಂದು ಜನ ಅವಳನ್ನು ಮುಂದೆ ಬಿಟ್ಟರು. ಬೈಲಪ್ಪ ಅಚ್ಚಿನಿಂದ ಜೊತೆ ಇಳಿಸಿ, ಬಟ್ಟೆಯಿಂದ ಎಣ್ಣೆ ಒರೆಸಿ, ಅವಳ ಕಾಲಿಗೆ ತೊಡಿಸಿದ. ಎದ್ದು ನಿಲ್ಲು ಎಂದ. ಅವಳು ನಿಂತಳು, ಹಾಸಿನ ಮೇಲಲ್ಲ, ಹೊರಗೆ ಹೋಗಿ ಕಲ್ಲಿನ ಮೆಟ್ಟಿಲು ಹತ್ತಿ ಇಳಿದಳು. ನನ್ನ ಹಿಮ್ಮಡಿಯಲ್ಲಿ ಮೂರು ದಿನದಿಂದ ಕೂತಿದ್ದ ಮೊಳೆ ಕರಗಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಅವಳ ಕೈಯಲ್ಲಿ ನನ್ನ ಹೆಸರಿನ ಬಿಲ್ಲೆಯಿತ್ತು. ಡಬ್ಬಿಗೆ ಹಾಕದೆ, ನನ್ನ ಮಡಿಲಿಗೆ ಹಾಕಿ ಹೋದಳು.

ದೀಪ ಹಚ್ಚುವ ಹೊತ್ತಿಗೆ ಬೆಂಚಿನ ಮೇಲೆ ಉಳಿದವರು ಶಾಂತವೀರಪ್ಪನವರೊಬ್ಬರೇ. ಬೈಲಪ್ಪ ಅವರ ಕಡೆ ಮಣೆ ಎಳೆಯಲು ಹೊರಟವನು ನನ್ನನ್ನು ನೋಡಿ ನಿಂತ. ನಾನು ಎಡಗಾಲನ್ನು ಉಜ್ಜಿಕೊಳ್ಳುತ್ತಿದ್ದೆ. ಹತ್ತೊಂಬತ್ತೂ ಹೋಗಿದ್ದವು, ಆದರೂ ಕಿರುಬೆರಳಿನ ಪಕ್ಕ ಏನೋ ಹಿಂಡುತ್ತಿತ್ತು. ಯಾರದು ಇದು, ಯಾರನ್ನು ಮರೆತೆವು ಎಂದು ಎಣಿಸಿದೆ. ಎರಡು ಸಲ ಎಣಿಸಿದೆ. ಆಮೇಲೆ ನನ್ನ ಚಪ್ಪಲಿ ನೋಡಿಕೊಂಡೆ. ಮದುವೆಯಲ್ಲಿ ಕೊಡಿಸಿದ ಜೊತೆ, ಹನ್ನೆರಡು ವರ್ಷದಲ್ಲಿ ಎಷ್ಟೋ ಸಲ ಹೊಲಿಸಿದ್ದು. ಊರಿನ ನೋವುಗಳ ನಡುವೆ ನನ್ನದು ಯಾವುದೆಂದು ನನಗೇ ಗೊತ್ತಾಗಿರಲಿಲ್ಲ.

ಬೈಲಪ್ಪನಿಗೆ ಹೇಳಬೇಕಾಗಲಿಲ್ಲ. ಮಣೆಯನ್ನು ನನ್ನ ಮುಂದೆ ಎಳೆದು ಕೂತು, ತೊಡೆಯ ಮೇಲೆ ಬಟ್ಟೆ ಹಾಸಿಕೊಂಡು, "ಕೊಡವ್ವ ಕಾಲು," ಅಂದ.

ಹಿಂದಿನಿಂದ ಪ್ರಭಂಜನ ಮೆಲ್ಲಗೆ, ಯಜಮಾನರ ಸರದಿ ಇತ್ತಲ್ಲ, ಅವರು ಬೆಳಗ್ಗೆಯಿಂದ ಕಾಯುತ್ತಿದ್ದಾರೆ ಎಂದ.

"ಕಾಯ್ಲಿ," ಅಂದೆ. ಕಾಲು ಚಾಚಿದೆ.